ನಾಯಕಿಯ ಗೆಳತಿ ಯಾವಾಗಲೂ ಪ್ರಶ್ನೆಯನ್ನೇ ಯಾಕೆ ಕೇಳ್ತಾಳೆ? ಹಾಲಿವುಡ್‌ನ ಮುಖ್ಯ ಪಾತ್ರ ಯಾರಿಗೆ ಅನ್ನೋ ಚರ್ಚೆ

ಲಿಪ್‌ಸಿಂಕ್
ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಸರಣಿಗಳಿಗೆ ಕನ್ನಡ ಡಬ್ಬಿಂಗ್ ಸ್ಕ್ರಿಪ್ಟ್ ಬರೆಯೋಳು. ಒಂದೊಂದು ಪಾತ್ರದ ಮಾತನ್ನೂ ಬೇರೆ ಮಾಡಿ, ಟೈಮ್‌ಕೋಡ್ ಹಾಕಿ, ತುಟಿ ಎಲ್ಲಿ ಕೂಡುತ್ತೆ ಎಲ್ಲಿ ತೆರೆಯುತ್ತೆ ನೋಡ್ಕೊಂಡು ಕನ್ನಡ ಕೂರಿಸಬೇಕು. ಅಲ್ಲಿ ತುಟಿ ಕೂಡಿದ್ರೆ ಇಲ್ಲಿ 'ಪ', 'ಬ', 'ಮ' ಯಾವುದಾದ್ರೂ ಒಂದು ಬರಲೇಬೇಕು. ಹಾಗಾಗಿ ಒಂದು ಪಾತ್ರ ಆಡಿದ ಮಾತೆಲ್ಲ ಒಂದರ ಕೆಳಗೊಂದು ಸಾಲಾಗಿ ನನ್ನ ಮುಂದೆ ಇರುತ್ತೆ. ನೋಡೋರಿಗೆ ಹಾಗೆ ಕಾಣೋದಿಲ್ಲ.

ಹೋದ ವಾರ ಒಂದು ಅಮೆರಿಕನ್ ಸರಣಿಯ ನಾಲ್ಕನೇ ಕಂತು ಮಾಡ್ತಿದ್ದೆ. ಹೆಸರು ಹೇಳೋ ಹಾಗಿಲ್ಲ. ನಾಯಕಿ ಬಿಳಿಯ ಹುಡುಗಿ, ವಕೀಲೆ. ಅವಳ ಜೀವದ ಗೆಳತಿ ಕಪ್ಪು ಹುಡುಗಿ, ಅದೇ ಆಫೀಸಲ್ಲಿ ಕೆಲಸ. ಗೆಳತಿಯ ಸಾಲುಗಳನ್ನಷ್ಟೇ ತೆಗೆದು ಓದಿದೆ. 'ನೀನು ಹುಷಾರಾಗಿದ್ದೀಯಾ?' 'ಅವನೇನಂದ?' 'ಅದಕ್ಕೆ ನೀನೇನಂದೆ?' 'ರಾತ್ರಿ ನಿದ್ದೆ ಮಾಡಿದ್ಯಾ?' 'ಈಗೇನ್ ಮಾಡ್ತೀಯಾ?' ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ. ನಾಲ್ಕು ಕಂತಾದ್ರೂ ಅವಳ ಮನೆ ಒಂದು ಸಲ ತೋರಿಸಿಲ್ಲ. ಅವಳಿಗೆ ಅಮ್ಮ ಇದ್ದಾಳಾ, ಸಾಲ ಇದೆಯಾ, ಯಾರ ಮೇಲಾದ್ರೂ ಮನಸ್ಸಿದೆಯಾ, ಒಂದೂ ಗೊತ್ತಿಲ್ಲ.

ಆ ಪಾತ್ರಕ್ಕೆ ಧ್ವನಿ ಕೊಡೋ ಹುಡುಗಿ ಮೈಕ್ ಮುಂದೆ ನಿಂತು ಕೇಳಿದಳು, "ಅಕ್ಕಾ, ಇವಳು ಯಾರು ಅಂತ ಹೇಳಿದ್ರೆ ದನಿ ಹಿಡೀಬಹುದು. ಯಾರಿವಳು?" ನನ್ನ ಹತ್ರ ಉತ್ತರ ಇರಲಿಲ್ಲ. ಅದಾದ ಮೇಲೆ ಇದೇ ತಲೆಯಲ್ಲಿ ಕೊರೀತಿದೆ. ಈಗ ತೆರೆ ಮೇಲೆ ಎಲ್ಲ ಜನಾಂಗದವರೂ ಕಾಣ್ತಾರೆ ಅಂತಾರೆ. ಆದ್ರೆ ಕಥೆ ಯಾರದ್ದು? ಮುಖ್ಯ ಪಾತ್ರ ಕೈ ಬದಲಾಯಿಸಿದೆಯಾ, ಇಲ್ಲಾ ಅದರ ಸುತ್ತ ಇರೋ ಮುಖಗಳು ಮಾತ್ರ ಬದಲಾಗಿವೆಯಾ? ತಿಳಿದವರು ಹೇಳಿ.

ಮೂರನೇಸಾಲು
ಬದಲಾಗಿದೆ ಮೇಡಂ. 2018ರಲ್ಲಿ ಕಪ್ಪು ನಾಯಕನ 'ಬ್ಲ್ಯಾಕ್ ಪ್ಯಾಂಥರ್' ಚಿತ್ರದ ಗಳಿಕೆ 130 ಕೋಟಿ ಡಾಲರ್ ದಾಟಿತು. ಇನ್ನೇನು ಬೇಕು?

ನೇರಮಾತು
ನನಗೆ ಇದರಲ್ಲಿ ಜನಾಂಗದ ವಿಷಯವೇ ಕಾಣ್ತಿಲ್ಲ. ಗೆಳತಿ ಪಾತ್ರ ಅಂದ್ರೆ ಗೆಳತಿ ಪಾತ್ರ. ಅಲ್ಲಿ ಬಿಳಿ ಹುಡುಗಿಯನ್ನ ಹಾಕಿದ್ರೂ ಅವಳೂ 'ಏನಾಯ್ತು ಕಣೇ' ಅಂತಲೇ ಕೇಳ್ತಿದ್ದಳು. ನಾಯಕ ನಾಯಕಿ ಬಿಟ್ಟು ಉಳಿದವರದ್ದೆಲ್ಲ ಅದೇ ಹಣೆಬರಹ. ಪಾತ್ರ ಕೊಡೋವಾಗ ನಟನೆ ನೋಡಬೇಕು, ಚರ್ಮ ನೋಡಬಾರದು. ಅಷ್ಟೇ. ನೀವು ಒಂದು ಪುಟ ಓದಿ ತೀರ್ಪು ಕೊಡ್ತಿದ್ದೀರಿ. ಪೂರ್ತಿ ಸರಣಿ ಎಣಿಸಿ ಹೇಳಿ, ಆಗ ಮಾತಾಡೋಣ.

ಹಳೇರೀಲು
ನಟನೆ ನೋಡಬೇಕು ಅಂದ್ರಲ್ಲ ನೇರಮಾತು ಅವರೇ, ಅದು ಸರಿಯೇ. ಆದರೆ ನಟನೆ ನೋಡುವುದಕ್ಕೆ ಮೊದಲೇ ಬಾಗಿಲು ಹಾಕಿದ್ದ ಕಾಲ ಬಹಳ ದೊಡ್ಡದಿತ್ತು. ಒಂದು ಸಂಗತಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಆನಾ ಮೇ ವಾಂಗ್ ಅಂತ ಒಬ್ಬ ನಟಿ. ಲಾಸ್ ಏಂಜಲೀಸಿನಲ್ಲೇ ಹುಟ್ಟಿದ ಚೀನಾ ಮೂಲದ ಹೆಣ್ಣುಮಗಳು. ಮೂಕಿ ಚಿತ್ರಗಳ ಕಾಲದಲ್ಲೇ ಹೆಸರು ಮಾಡಿದವಳು. 1937ರಲ್ಲಿ 'ದಿ ಗುಡ್ ಅರ್ಥ್' ಚಿತ್ರ ಬಂತು. ಕಥೆ ಚೀನಾದ ರೈತ ಕುಟುಂಬದ್ದು. ರೈತನ ಹೆಂಡತಿ ಓಲಾನ್ ಪಾತ್ರಕ್ಕೆ ಇವಳಿಗಿಂತ ಸರಿಯಾದವರು ಅಮೆರಿಕದಲ್ಲಿ ಯಾರೂ ಇರಲಿಲ್ಲ. ಸಿಗಲಿಲ್ಲ. ಗಂಡನ ಪಾತ್ರ ಪಾಲ್ ಮುನಿ ಎಂಬ ಬಿಳಿಯ ನಟನಿಗೆ ಹೋಗಿತ್ತು. ಆಗ ಹೇಸ್ ಕೋಡ್ ಎಂಬ ನೀತಿಸಂಹಿತೆ ಜಾರಿಯಲ್ಲಿತ್ತು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ದೈಹಿಕ ಸಂಬಂಧ ತೋರಿಸಬಾರದು ಎಂಬುದು ಅದರ ಒಂದು ಕಲಮು. ಸ್ಟುಡಿಯೊಗಳು ಅದನ್ನು ಏಷ್ಯಾದವರಿಗೂ ಎಳೆದು ಅನ್ವಯಿಸುತ್ತಿದ್ದವು. ಗಂಡ ಬಿಳಿಯ ನಟನಾದ ಮೇಲೆ ಹೆಂಡತಿಯೂ ಬಿಳಿಯಳೇ ಆಗಬೇಕಾಯಿತು. ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್ ಆ ಪಾತ್ರ ಮಾಡಿದಳು, ಅದಕ್ಕೆ ಆಸ್ಕರ್ ಕೂಡ ಪಡೆದಳು. ವಾಂಗ್‌ಗೆ ಸಂಸಾರ ಒಡೆಯುವ ಎರಡನೇ ಹೆಣ್ಣು ಲೋಟಸ್ ಪಾತ್ರ ಮಾಡಿ ಎಂದರು. ಅವಳು ಒಪ್ಪಲಿಲ್ಲ.

2022ರಲ್ಲಿ ಅಮೆರಿಕ ಸರ್ಕಾರ ಕಾಲು ಡಾಲರ್ ನಾಣ್ಯದ ಮೇಲೆ ಅವಳ ಮುಖ ಅಚ್ಚು ಹಾಕಿಸಿತು. ಓಲಾನ್ ಪಾತ್ರ ಕೊಟ್ಟಿದ್ದರೆ ಅವಳು ಎಂಥ ಅಭಿನಯ ಮಾಡುತ್ತಿದ್ದಳು ಎಂದು ನೋಡುವ ಭಾಗ್ಯ ಯಾರಿಗೂ ಸಿಗಲಿಲ್ಲ. ನನಗೆ ಈಗಲೂ ಸಂಕಟವಾಗುವುದು ಅದಕ್ಕೆ.

ಕಾಡುಮಲ್ಲಿಗೆ
ಹ್ಯಾಟಿ ಮೆಕ್‌ಡ್ಯಾನಿಯಲ್ ಕಥೆ ಇನ್ನೂ ಕಷ್ಟದ್ದು. 1940ರಲ್ಲಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ, 'ಗಾನ್ ವಿತ್ ದ ವಿಂಡ್' ಚಿತ್ರದ ಮನೆಕೆಲಸದವಳ ಪಾತ್ರಕ್ಕೆ. ಪ್ರಶಸ್ತಿ ಕೊಡೋ ಹೋಟೆಲಲ್ಲಿ ಅವರನ್ನ ಚಿತ್ರತಂಡದ ಜೊತೆ ಕೂರಿಸಲಿಲ್ಲ, ಗೋಡೆ ಪಕ್ಕ ಬೇರೆ ಮೇಜು ಹಾಕಿದ್ರು. ಅದಕ್ಕೆ ಮೊದಲು ಅಟ್ಲಾಂಟಾದಲ್ಲಿ ಚಿತ್ರದ ಮೊದಲ ಪ್ರದರ್ಶನ ಆದಾಗ ಅವರು ಹೋಗೋ ಹಾಗೇ ಇರಲಿಲ್ಲ. ಅಲ್ಲಿನ ಥಿಯೇಟರ್‌ಗಳು ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ.

ನೇರಮಾತು
ಇದೆಲ್ಲ 80 ವರ್ಷದ ಹಿಂದಿನ ಮಾತು. ಅದು ಅನ್ಯಾಯ ಅಂತ ನಾನೂ ಒಪ್ತೀನಿ. ಈಗಿನ ಮಾತಾಡಿ.

ಎಣಿಕೆಪುಸ್ತಕ
ಈಗಿನದ್ದೇ ಹೇಳ್ತೀನಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆ, ಯುಸಿಎಲ್‌ಎ, 2014ರಿಂದ ಹಾಲಿವುಡ್ ವೈವಿಧ್ಯದ ವರದಿ ತರ್ತಿದೆ. ಅದರ ಪ್ರಕಾರ 2011ರ ಮುಂಚೂಣಿ ಚಿತ್ರಗಳಲ್ಲಿ ಮುಖ್ಯ ಪಾತ್ರ ಬಿಳಿಯರಲ್ಲದವರಿಗೆ ಸಿಕ್ಕಿದ್ದು 10.5%. ಬಿಳಿಯರಲ್ಲದವರು ಅಂದ್ರೆ ಕಪ್ಪು ಜನ, ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರು), ಏಷ್ಯನ್, ಮೂಲನಿವಾಸಿಗಳು ಎಲ್ಲ ಸೇರಿ. 2020ರ ಹೊತ್ತಿಗೆ ಅದು ಹತ್ತಿರಹತ್ತಿರ 40%ಗೆ ಬಂತು. ಅಲ್ಲಿನ ಜನಸಂಖ್ಯೆಯಲ್ಲಿ ಅವರ ಪಾಲೂ 40%ಗಿಂತ ಸ್ವಲ್ಪ ಹೆಚ್ಚು. ಅಂದ್ರೆ ಬದಲಾಗಿದೆ, ಅದೂ ಹತ್ತೇ ವರ್ಷದಲ್ಲಿ.

ಹಾಳೆಹಾಳೆ
@ಎಣಿಕೆಪುಸ್ತಕ ಅಂಕಿ ಸರಿ ಇದೆ, ಆದ್ರೆ ಎರಡನ್ನ ಹಾಗೆ ಪಕ್ಕಪಕ್ಕ ಇಡೋಕಾಗಲ್ಲ ಗುರು. 2020 ಅಂದ್ರೆ ಕೋವಿಡ್ ವರ್ಷ. ಥಿಯೇಟರ್ ಮುಚ್ಚಿದ್ವು, ಒಟಿಟಿಯಲ್ಲಿ ಬಂದ ಚಿತ್ರಗಳನ್ನೂ ಆ ಸಲ ಲೆಕ್ಕಕ್ಕೆ ಹಿಡಿದ್ರು. ಅದೇ ವರದಿಯವರು 2024ರ ಥಿಯೇಟರ್ ಚಿತ್ರಗಳನ್ನ ನೋಡಿದಾಗ ಮುಖ್ಯ ಪಾತ್ರದ ಪಾಲು ಮತ್ತೆ 25%ರ ಹತ್ತಿರ ಇಳಿದಿದೆ. ಮೇಲಿಂದ ಲ್ಯಾಟಿನೊ ಜನ ಅಲ್ಲಿ ಐದರಲ್ಲಿ ಒಬ್ಬರು ಅನ್ನೋಷ್ಟಿದ್ದಾರೆ, ಮುಖ್ಯ ಪಾತ್ರದಲ್ಲಿ ಅವರು ಕಾಣೋದು ಅದಕ್ಕಿಂತ ಎಷ್ಟೋ ಕಮ್ಮಿ. ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಿದ್ರೆ ಯಾರು ಹೊರಗುಳಿದ್ರು ಅಂತ ಗೊತ್ತೇ ಆಗಲ್ಲ.

ಎಣಿಕೆಪುಸ್ತಕ
ಹೌದು, ಒಟಿಟಿ ವಿಷಯ ನಾನು ಬರೀಬೇಕಿತ್ತು. ತಿದ್ದಿದ್ದಕ್ಕೆ ಥ್ಯಾಂಕ್ಸ್. ಇಳಿದಿದ್ದು ನಿಜ.

ರಂಗದಬಾಗಿಲು
ಲಿಪ್‌ಸಿಂಕ್ ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಆಡಿಷನ್‌ಗಿಂತಲೂ ಮುಂಚಿನ ಒಂದು ಹಾಳೆಯಲ್ಲಿದೆ ಅಂತ ನನಗನ್ನಿಸುತ್ತೆ. ಅಲ್ಲಿ ಅದಕ್ಕೆ ಬ್ರೇಕ್‌ಡೌನ್ ಅಂತಾರೆ. ಪಾತ್ರಗಳ ವಿವರ ಬರೆದು ಏಜೆಂಟರಿಗೆ ಕಳಿಸ್ತಾರೆ: ವಯಸ್ಸಿಷ್ಟು, ಸ್ವಭಾವ ಹೀಗೆ, ಕೆಲಸ ಇದು. ಜನಾಂಗ ಬರೆಯದೇ ಇದ್ರೆ ಬಿಳಿಯರು ಅಂತ ಓದಿಕೊಳ್ಳೋದು ಎಷ್ಟೋ ವರ್ಷ ನಡೆದು ಬಂದ ರೂಢಿ. ಹೀಗಾಗಿ ಬೇರೆಯವರಿಗೆ ಕರೆ ಹೋಗ್ತಿದ್ದಿದ್ದೇ 'ಕಪ್ಪು ನರ್ಸ್', 'ಇಂಡಿಯನ್ ಅಂಗಡಿಯವನು' ಅಂತ ಬರೆದ ಕಡೆ ಮಾತ್ರ.

ಕೊರಿಯಾ ಮೂಲದ ನಟಿ ಸ್ಯಾಂಡ್ರಾ ಓ ಹೇಳಿಕೊಂಡ ಒಂದು ಘಟನೆ ಇದೆ. 'ಕಿಲ್ಲಿಂಗ್ ಈವ್' ಸರಣಿಯ ಸ್ಕ್ರಿಪ್ಟ್ ಅವರ ಫೋನಿಗೆ ಬಂತು. ಏಜೆಂಟ್ ಲೈನಲ್ಲಿದ್ದಾರೆ. ಇವರು ಸ್ಕ್ರಿಪ್ಟನ್ನ ಮೇಲೆ ಕೆಳಗೆ ಓಡಿಸ್ತಾ ತಮ್ಮ ಪಾತ್ರ ಹುಡುಕ್ತಾರೆ, ಸಿಗೋದಿಲ್ಲ. ಕೊನೆಗೆ 'ಇದರಲ್ಲಿ ನನ್ನದು ಯಾವ ಪಾತ್ರ' ಅಂತ ಕೇಳ್ತಾರೆ. 'ಈವ್' ಅನ್ನೋ ಉತ್ತರ ಬರುತ್ತೆ. ಹೆಸರಿನಲ್ಲೇ ಇರೋ ಪಾತ್ರ! ಅಷ್ಟು ಹೊತ್ತಿಗೆ ಅವರು 'ಗ್ರೇಸ್ ಅನಾಟಮಿ'ಯಲ್ಲಿ ಹತ್ತು ಸೀಸನ್ ಮುಗಿಸಿ ಬಂದ ಕಲಾವಿದೆ. ಅಂಥವರ ಕಣ್ಣೇ ಮೊದಲ ಸಾಲಿನ ಹೆಸರನ್ನ ದಾಟಿಕೊಂಡು ಕೆಳಗೆ ಹೋಯ್ತು. ಇದನ್ನ ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಮೂರನೇಸಾಲು
ಇದು ಗೊತ್ತಿರಲಿಲ್ಲ. ನನ್ನ ಮೊದಲಿನ ಕಾಮೆಂಟ್ ಸ್ವಲ್ಪ ಅವಸರದ್ದಾಯ್ತು.

ಬೆಳಕುನೆರಳು
ನಾ ಕ್ಯಾಮೆರಾ ಕೆಲಸದಾಂವ್ ರೀ. ಎಲ್ಲಾರೂ ಪಾತ್ರ ಯಾರಿಗೆ ಅಂತ ಮಾತಾಡ್ತೀರಿ, ಆ ಪಾತ್ರದ ಮುಖ ಕಾಣಬೇಕಲ್ರೀ ಮೊದಲ? ಹಿಂದಕ ಕೊಡ್ಯಾಕ್ ಕಂಪನಿಯವರು ಬಣ್ಣ ಸರಿ ಬಂದೈತೋ ಇಲ್ಲೋ ನೋಡಾಕ ಲ್ಯಾಬಿಗೆ ಒಂದು ಕಾರ್ಡ್ ಕಳಿಸ್ತಿದ್ರು. ಅದರಾಗ ಒಬ್ಬಾಕಿ ಬಿಳಿ ಹೆಣ್ಣಮಗಳ ಫೋಟೊ. 'ಶರ್ಲಿ ಕಾರ್ಡ್' ಅಂತ ಹೆಸರು. ಆಕಿ ಚರ್ಮ ಚೆಂದ ಬಂತಂದ್ರ ಫಿಲ್ಮ್ ಸರಿ ಐತಿ ಅಂತ ಲೆಕ್ಕ. ಕಪ್ಪು ಮುಖ ಅದೇ ಫ್ರೇಮಿನ್ಯಾಗ ನಿಂತ್ರ ಬರೇ ಕಣ್ಣು, ಹಲ್ಲು ಕಾಣೂದು. ಇದನ್ನ ತಿದ್ದಾಕ ಒತ್ತಾಯ ಮಾಡಿದವರು ಯಾರು ಗೊತ್ತೇನ್ರಿ? ಚಾಕೊಲೇಟ್ ಕಂಪನಿಯವರು, ಕಟ್ಟಿಗಿ ಪೀಠೋಪಕರಣದವರು. ತಮ್ಮ ಮಾಲಿನ ಕಂದು ಬಣ್ಣ ಜಾಹೀರಾತಿನಾಗ ಬರವಲ್ದು ಅಂತ ತಕರಾರು ತಗದ್ರು.

ನನಗ ಖುದ್ದ ಆದದ್ದು ಹೇಳ್ತೀನಿ. ಒಂದು ಜಾಹೀರಾತಿನ ಶೂಟಿಂಗ್. ಇಬ್ಬರು ನಟಿಯರು ಒಂದ ಸೋಫಾದ ಮ್ಯಾಲೆ. ಒಬ್ಬಾಕಿ ಭಾಳ ಬೆಳ್ಳಗ, ಒಬ್ಬಾಕಿ ಕಪ್ಪಗ. ನಾ ಬೆಳ್ಳಗಿನಾಕಿಗೆ ಲೈಟ್ ಮೀಟರ್ ಹಿಡದ ಎಕ್ಸ್‌ಪೋಷರ್ ಇಟ್ಟೆ, ಯಾಕಂದ್ರ ಹಂಗ ಕಲಿಸಿದ್ರು. ಮಾನಿಟರ್ ನೋಡಿದ್ರ ಎರಡನೇದಾಕಿ ಸೋಫಾದ ನೆರಳಿನಾಗ ಕರಗಿ ಹೋಗ್ಯಾಳ. ಆಕಿ ತಾನ ಎದ್ದು ಬಂದು, 'ಸರ್, ನಾ ಕಿಡಕಿ ಕಡೆ ಕೂತ್ರ ನಡೀತದೇನು' ಅಂತ ಕೇಳಿದಳು. ನಾಚಿಕೆ ಬಂತು ನನಗ. ಜಾಗಾ ಬದಲಿ ಮಾಡೂದು ಆಕಿ ಕೆಲಸ ಅಲ್ಲಲ್ರೀ, ನಂದು. ಬಿಳಿ ಬೋರ್ಡ್ ಒಂದು ಬಗಲಾಗಿಟ್ಟು ಬೆಳಕು ತಿರುಗಿಸಿದೆ, ಚರ್ಮದ ಮ್ಯಾಲಿನ ಮಿಂಚು ಎದ್ದು ಬಂತು. ಹತ್ತು ನಿಮಿಷದ ಕೆಲಸ. 2016ರ 'ಮೂನ್‌ಲೈಟ್' ಚಿತ್ರ ನೋಡ್ರಿ, ಕಪ್ಪು ಚರ್ಮದ ಮ್ಯಾಲೆ ಬೆಳಕು ಹೆಂಗ ಆಡ್ತದ ಅಂತ ತಿಳೀತದ.

ಲಿಪ್‌ಸಿಂಕ್
@ಬೆಳಕುನೆರಳು ಸರ್, ಕಿಟಕಿ ಕಡೆ ಕೂರ್ಲಾ ಅಂತ ಅವರೇ ಕೇಳಬೇಕಾಯ್ತಲ್ಲ. ನೀವು ಅದನ್ನ ಇಲ್ಲಿ ಮುಚ್ಚಿಡದೆ ಹೇಳಿದ್ದಕ್ಕೆ ನಮಸ್ಕಾರ.

ಕಾಡುಮಲ್ಲಿಗೆ
ಮೇಕಪ್ ಕೂಡ ಹಾಗೇ. ತಮ್ಮ ಬಣ್ಣಕ್ಕೆ ಹೊಂದೋ ಫೌಂಡೇಶನ್ ಸೆಟ್‌ನಲ್ಲಿ ಇರೋಲ್ಲ ಅಂತ ಎಷ್ಟೋ ಕಪ್ಪು ನಟಿಯರು ಮನೆಯಿಂದಲೇ ಡಬ್ಬಿ ತರ್ತಾರೆ, ಕೂದಲನ್ನೂ ತಾವೇ ಕಟ್ಟಿಕೊಂಡು ಬರ್ತಾರೆ. ಇದನ್ನ ಅವರು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ತೆರೆಮರೆ
ಟಿವಿ ಇತಿಹಾಸ ಸ್ವಲ್ಪ. 1968ರಲ್ಲಿ 'ಜೂಲಿಯಾ' ಅಂತ ಸರಣಿ ಬಂತು. ಡೈಯಾನ್ ಕ್ಯಾರಲ್ ನಾಯಕಿ, ಗಂಡನನ್ನ ಕಳೆದುಕೊಂಡ ನರ್ಸ್. ಕಪ್ಪು ಹೆಣ್ಣುಮಗಳು ಮನೆಕೆಲಸದವಳಲ್ಲದ ಪಾತ್ರದಲ್ಲಿ ಒಂದು ಸರಣಿಯನ್ನೇ ಹೊತ್ತಿದ್ದು ಅಲ್ಲಿಂದ ಶುರು. 1974ರಲ್ಲಿ 'ಗೆಟ್ ಕ್ರಿಸ್ಟಿ ಲವ್' ಬಂತು, ಮಹಿಳಾ ಪೊಲೀಸ್ ಕಥೆ. ಆಮೇಲೆ ದೊಡ್ಡ ಚಾನೆಲ್‌ಗಳ ಗಂಭೀರ ಧಾರಾವಾಹಿಯಲ್ಲಿ ಕಪ್ಪು ನಾಯಕಿ ಕಂಡಿದ್ದು 2012ರ 'ಸ್ಕ್ಯಾಂಡಲ್'ನಲ್ಲಿ, ಕೆರಿ ವಾಷಿಂಗ್ಟನ್. ನಡುವೆ ಹೆಚ್ಚುಕಮ್ಮಿ ನಾಲ್ಕು ದಶಕ! ಮೂರೇ ವರ್ಷದಲ್ಲಿ, 2015ಕ್ಕೆ, ವಯೋಲಾ ಡೇವಿಸ್ ಆ ವಿಭಾಗದ ಮುಖ್ಯ ನಟಿಯ ಎಮ್ಮಿ, ಅಂದ್ರೆ ಟಿವಿಯ ದೊಡ್ಡ ಪ್ರಶಸ್ತಿ, ಗೆದ್ದ ಮೊದಲ ಕಪ್ಪು ಕಲಾವಿದೆ ಆದ್ರು. ವೇದಿಕೆ ಮೇಲೆ ಅವರು ಹೇಳಿದ್ದರ ಸಾರ ಇಷ್ಟೇ: ಬರೆದೇ ಇರದ ಪಾತ್ರಕ್ಕೆ ಪ್ರಶಸ್ತಿ ಗೆಲ್ಲೋಕೆ ಆಗಲ್ಲ.

ನೇರಮಾತು
ಸರಿ, ಈ ಅವಕಾಶದ ಮಾತು ಒಪ್ಪಿದೆ. ಆದ್ರೆ ಈಗ ಅತಿ ಆಗ್ತಿದೆ ಅನ್ನೋದು ನನ್ನ ವಾದ. ಹಳೇ ಕಥೆಗಳಲ್ಲಿದ್ದ ಬಿಳಿ ಪಾತ್ರವನ್ನ ಬೇರೆಯವರಿಗೆ ಯಾಕೆ ಕೊಡಬೇಕು? 2023ರ 'ಲಿಟಲ್ ಮರ್ಮೇಡ್' ತಗೊಳ್ಳಿ. ಅವರದ್ದೇ ಹೊಸ ಕಥೆ ಬರೀರಿ, ನಾನೇ ಮೊದಲು ಟಿಕೆಟ್ ತಗೋತೀನಿ.

ಮೂರನೇಸಾಲು
ಮತ್ಸ್ಯಕನ್ಯೆಗೆ ಯಾವ ದೇಶದ ಪಾಸ್‌ಪೋರ್ಟ್ ಬೇಕು ಸರ್? ಸಮುದ್ರದೊಳಗಿನ ಜೀವ. ಆ ಪಾತ್ರ ಮಾಡಿದ ಕಪ್ಪು ನಟಿ ಹ್ಯಾಲಿ ಬೈಲಿ ಹಾಡಿದ್ದು ಕೇಳಿದ್ದೀರಾ?

ನೇರಮಾತು
ಹಾಡು ಚೆನ್ನಾಗಿದೆ. ನನ್ನ ಪ್ರಶ್ನೆ ಹಾಡಿನದ್ದಲ್ಲ.

ರಂಗದಬಾಗಿಲು
ನೇರಮಾತು ಅವರ ಪ್ರಶ್ನೆಯನ್ನ ತಳ್ಳಿಹಾಕಬೇಡಿ. ಇದೇ ಮಾತನ್ನ ಪೂರಾ ಬೇರೆ ಜಾಗದಿಂದ ಹೇಳಿದ ಒಬ್ಬ ದೊಡ್ಡ ಕಪ್ಪು ನಾಟಕಕಾರ ಇದ್ದಾರೆ, ಆಗಸ್ಟ್ ವಿಲ್ಸನ್. 1996ರ ಒಂದು ಭಾಷಣದಲ್ಲಿ ಅವರು ಬಣ್ಣ ನೋಡದೆ ಪಾತ್ರ ಹಂಚೋ ಪದ್ಧತಿಯನ್ನೇ ವಿರೋಧಿಸಿದ್ರು. ಬಿಳಿಯರ ಬದುಕಿಗೆ ಬರೆದ ಪಾತ್ರದಲ್ಲಿ ಕಪ್ಪು ನಟರನ್ನ ನಿಲ್ಲಿಸಿದ್ರೆ ಅವರ ಇತಿಹಾಸವನ್ನೇ ಅಳಿಸಿದ ಹಾಗೆ, ನಮ್ಮ ಕಥೆಗೆ ನಮ್ಮದೇ ರಂಗಭೂಮಿ ಬೇಕು, ಅದಕ್ಕೆ ಹಣ ಬೇಕು ಅನ್ನೋದು ಅವರ ವಾದ. 

ನಾನು ಅವರನ್ನ ತುಂಬ ಗೌರವಿಸ್ತೀನಿ, ಆದ್ರೆ ಪೂರ್ತಿ ಒಪ್ಪಲ್ಲ. 2019ರ ಡೇವಿಡ್ ಕಾಪರ್‌ಫೀಲ್ಡ್ ಚಿತ್ರದಲ್ಲಿ ದೇವ್ ಪಟೇಲ್ ನಾಯಕ. ಡಿಕನ್ಸ್ ಕಾದಂಬರಿ! ಆರಂಭದ ಐದು ನಿಮಿಷ ಕಣ್ಣು ಹೊಂದಿಕೊಳ್ಳುತ್ತೆ, ಆಮೇಲೆ ಕಾಣೋದು ಡೇವಿಡ್ ಮಾತ್ರ. ಅದೇ 'ಬ್ರಿಡ್ಜರ್ಟನ್' ಎರಡನೇ ಸೀಸನ್ ನೋಡಿ. ಇಂಡಿಯಾ ಮೂಲದ ಸಿಮೋನ್ ಆಶ್ಲಿ ಮಾಡಿದ ಕೇಟ್ ಪಾತ್ರ ಕಾದಂಬರಿಯಲ್ಲಿ ಇಂಗ್ಲಿಷ್ ಹುಡುಗಿ. ಸರಣಿಯಲ್ಲಿ ಮನೆತನದ ಹೆಸರೇ ಶರ್ಮಾ ಆಯ್ತು, ತಂಗಿಯ ತಲೆಗೆ ಎಣ್ಣೆ ಹಚ್ಚೋ ದೃಶ್ಯ ಬಂತು. ಮೊದಲನೆಯದು ಬಣ್ಣ ಲೆಕ್ಕಿಸದೆ ಕೊಟ್ಟ ಪಾತ್ರ. ಎರಡನೆಯದು ಬಣ್ಣ ಮನಸ್ಸಲ್ಲಿಟ್ಟುಕೊಂಡು ತಿದ್ದಿ ಬರೆದ ಪಾತ್ರ. ಎರಡೂ ಬೇಕು ಅಂತೀನಿ ನಾನು.

ಹಾಳೆಹಾಳೆ
ಹಳೇ ಪಾತ್ರ ಬದಲಾಯಿಸಬಾರದು ಅನ್ನೋರಿಗೆ ನನ್ನದೊಂದು ಪ್ರಶ್ನೆ. ಬೇರೆಯವರ ಪಾತ್ರವನ್ನ ಬಿಳಿಯರಿಗೆ ಕೊಟ್ಟಾಗ ಇಷ್ಟು ಗಲಾಟೆ ಆಗಿತ್ತಾ? 1961ರಲ್ಲಿ ಬಿಳಿಯ ನಟ ಮಿಕಿ ರೂನಿ ಸುಳ್ಳು ಹಲ್ಲು ಕಟ್ಟಿಕೊಂಡು ಜಪಾನಿ ಆದ. 1972ರ 'ಕುಂಗ್ ಫು' ಸರಣಿಯ ಶಾವೊಲಿನ್ ಸನ್ಯಾಸಿ ಡೇವಿಡ್ ಕ್ಯಾರಡೀನ್. ಆ ಪಾತ್ರಕ್ಕೆ ಬ್ರೂಸ್ ಲೀ ಹೆಸರು ಓಡಿತ್ತು, ಬಿಟ್ಟರು. 1986ರಲ್ಲಿ 'ಶಾರ್ಟ್ ಸರ್ಕ್ಯೂಟ್' ಚಿತ್ರದ ಇಂಡಿಯನ್ ವಿಜ್ಞಾನಿ ಫಿಷರ್ ಸ್ಟೀವನ್ಸ್, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು. ಇಂಡಿಯಾ ಮೂಲದ ಹಾಸ್ಯನಟ ಅಜೀಜ್ ಅನ್ಸಾರಿ ಚಿಕ್ಕವರಿದ್ದಾಗ ಆ ನಟ ಇಂಡಿಯನ್ನೇ ಅಂತ ನಂಬಿ ಖುಷಿಪಟ್ಟಿದ್ರಂತೆ. ನಿಜ ತಿಳಿದಾಗ ಆ ಹುಡುಗನಿಗೆ ಏನನ್ನಿಸಿರಬೇಕು? 2015ರ 'ಅಲೋಹಾ'ದಲ್ಲಿ ಚೀನಿ ಮತ್ತು ಹವಾಯಿ ರಕ್ತದ ಅಲಿಸನ್ ಇಂಗ್ ಪಾತ್ರ ಬಿಳಿಯ ನಟಿ ಎಮಾ ಸ್ಟೋನ್‌ದು. ಇದು 80 ವರ್ಷ ಹಳೇದಲ್ಲ.

ತೆರೆಮರೆ
ಬಿಟ್ಟುಕೊಟ್ಟವರೂ ಇದ್ದಾರೆ. 2017ರಲ್ಲಿ ಬ್ರಿಟಿಷ್ ನಟ ಎಡ್ ಸ್ಕ್ರೈನ್ 'ಹೆಲ್‌ಬಾಯ್' ಚಿತ್ರಕ್ಕೆ ಸಹಿ ಹಾಕಿದ ಮೇಲೆ ಆ ಪಾತ್ರ ಮೂಲದಲ್ಲಿ ಜಪಾನಿ ಅಮೆರಿಕನ್ ಅಂತ ಗೊತ್ತಾಯ್ತು. ಹೊರಗೆ ಬಂದ್ರು. ಕೊರಿಯಾ ಮೂಲದ ಡ್ಯಾನಿಯಲ್ ಡೇ ಕಿಮ್‌ಗೆ ಆ ಪಾತ್ರ ಹೋಯ್ತು.

ನೇರಮಾತು
ಅದು ದೊಡ್ಡ ಗುಣ. ಒಪ್ಪಬೇಕು.

ಹಳೇರೀಲು
ಇಂಡಿಯಾ ಮೂಲದವರ ವಿಷಯ ಬಂತಲ್ಲ, ಇಬ್ಬರನ್ನು ನೆನೆಯಲೇಬೇಕು. ಮೊದಲನೆಯವನು ಸಾಬು. ಮೈಸೂರಿನ ಮಾವುತನ ಮಗ. ಅಪ್ಪ ಅಮ್ಮ ಇಲ್ಲದೆ ಅರಮನೆಯ ಆನೆಲಾಯದಲ್ಲಿ ಬೆಳೆಯುತ್ತಿದ್ದ ಹುಡುಗನನ್ನು ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡ ಕಂಡು 1937ರ 'ಎಲಿಫೆಂಟ್ ಬಾಯ್'ಗೆ ನಾಯಕನನ್ನಾಗಿ ಮಾಡಿತು. ಗಮನಿಸಿ, ವಾಂಗ್‌ಗೆ ಪಾತ್ರ ತಪ್ಪಿದ ಆ ಚಿತ್ರ ಬಂದ ವರ್ಷವೇ ಅದು! 1940ರ 'ದಿ ಥೀಫ್ ಆಫ್ ಬಾಗ್ದಾದ್', 1942ರ 'ಜಂಗಲ್ ಬುಕ್', ಎರಡರಲ್ಲೂ ಪೋಸ್ಟರ್ ಮೇಲೆ ಅವನ ಹೆಸರಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಹೋರಾಡಿ ಪದಕವನ್ನೂ ಪಡೆದ. ವಾಪಸ್ ಬಂದ ಮೇಲೆ ಹಾಲಿವುಡ್‌ಗೆ ಅವನನ್ನು ಏನು ಮಾಡಬೇಕೆಂದೇ ತೋಚಲಿಲ್ಲ. ಆನೆ ಮೇಲಿನ ಹುಡುಗ ಬೇಕಿತ್ತು, ಕೋಟು ಹಾಕಿ ಪ್ರೀತಿಸುವ ಗಂಡಸು ಬೇಕಿರಲಿಲ್ಲ. ಮೂವತ್ತರ ಹರೆಯದಲ್ಲೂ ಕಾಡಿನ ಕಥೆಗಳೇ. 1963ರಲ್ಲಿ, 39ನೇ ವಯಸ್ಸಿಗೆ ತೀರಿಕೊಂಡ. ಮುಖ್ಯ ಪಾತ್ರ ಸಿಕ್ಕಿತು, ಆದರೆ ಬೆಳೆಯಲು ಬಿಡಲಿಲ್ಲ.

ಎರಡನೆಯವಳು ಮರ್ಲ್ ಒಬೆರಾನ್. ಬಾಂಬೆಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದವಳು. 1935ರ ಚಿತ್ರಕ್ಕೆ ಅತ್ಯುತ್ತಮ ನಟಿಯ ಆಸ್ಕರ್ ನಾಮನಿರ್ದೇಶನ ಪಡೆದಳು. ತಾನು ಟಾಸ್ಮೇನಿಯಾದವಳು ಎಂದು ಬದುಕಿನ ಬಹುಪಾಲು ಹೇಳಿಕೊಂಡು ತಿರುಗಿದಳು. ಇಲ್ಲದಿದ್ದರೆ ಒಂದು ಪಾತ್ರವೂ ಸಿಗುತ್ತಿರಲಿಲ್ಲ. 2023ರಲ್ಲಿ ಮಲೇಷಿಯಾದ ಮಿಷೆಲ್ ಯೋ ಅತ್ಯುತ್ತಮ ನಟಿಯ ಆಸ್ಕರ್ ಗೆದ್ದಾಗ ಪತ್ರಿಕೆಗಳು ಬರೀ ಮೊದಲ ಏಷ್ಯನ್ ಎನ್ನದೆ 'ತನ್ನನ್ನು ಏಷ್ಯನ್ ಎಂದು ಗುರುತಿಸಿಕೊಂಡವರಲ್ಲಿ ಮೊದಲಿಗಳು' ಎಂದು ಬರೆದದ್ದು ಇದೇ ಕಾರಣಕ್ಕೆ.

ಮೂರನೇಸಾಲು
ಅಯ್ಯೋ, ಸಾಬು ನಮ್ಮವನು ಅಂತಲೇ ಗೊತ್ತಿರಲಿಲ್ಲ ನನಗೆ. ಯಾವುದನ್ನ ಮೊದಲು ನೋಡಲಿ?

ಹಳೇರೀಲು
'ಥೀಫ್ ಆಫ್ ಬಾಗ್ದಾದ್' ನೋಡಪ್ಪ. ಅವನು ನಗುವ ರೀತಿ ನೋಡು.

ಎಣಿಕೆಪುಸ್ತಕ
ಯೋ ಬಗ್ಗೆ ಒಂದು ಸೇರಿಸ್ತೀನಿ. 2002ರಲ್ಲಿ ಹ್ಯಾಲಿ ಬೆರಿ ಗೆದ್ದ ಮೇಲೆ ಬಿಳಿಯಳಲ್ಲದ ನಟಿಗೆ ಆ ಪ್ರಶಸ್ತಿ ಮತ್ತೆ ಬಂದಿದ್ದು ಆಗಲೇ. 21 ವರ್ಷ. 2015, 2016 ಎರಡೂ ವರ್ಷ ನಟನೆಯ 20 ನಾಮನಿರ್ದೇಶನಗಳೂ ಬಿಳಿಯರಿಗೇ ಹೋಗಿದ್ವು. ಅದರ ಮೇಲೆ ಎದ್ದ ಗಲಾಟೆಯ ನಂತರವೇ ಆಸ್ಕರ್ ಕೊಡೋ ಅಕಾಡೆಮಿ ತನ್ನ ಸದಸ್ಯರ ಪಟ್ಟಿಯನ್ನ ಹಿಗ್ಗಿಸಿದ್ದು.

ಮೇಲ್ವಿಚಾರಕ
ಚರ್ಮದ ಬಣ್ಣ ಹಿಡಿದು ಹೀಯಾಳಿಸಿದ ಎರಡು ಕಾಮೆಂಟ್ ತೆಗೆದಿದ್ದೇನೆ. ವಾದ ಎಷ್ಟು ಬೇಕಾದರೂ ಮಾಡಿ, ಭಾಷೆ ಹಿಡಿತದಲ್ಲಿರಲಿ.

ಕಡಲತಡಿ
ಒಂದು ಮಾತು ಹೇಳ್ತೇನೆ ಮಾರಾಯ್ರೆ, ಯಾರ ಕಣ್ಣಿನಿಂದ ಕಥೆ ಹೇಳ್ತಾರೆ ಅಂತ ನೋಡಬೇಕಾದ್ರೆ ಹಳೇ ಜಪಾನಿನ ಕಥೆ ಹೇಳುವ 'ಶೋಗನ್' ಅಂತ ಎರಡು ಟಿವಿ ಸರಣಿ ಉಂಟು, ಎರಡನ್ನೂ ನೋಡಿ. 1980ರದ್ದರಲ್ಲಿ ಜಪಾನಿ ಮಾತಿಗೆ ಬಹುತೇಕ ಸಬ್‌ಟೈಟಲ್ಲೇ ಇರಲಿಲ್ಲ. ಹಡಗು ಒಡೆದು ಬಂದ ಇಂಗ್ಲಿಷಿನವನಿಗೆ ಅರ್ಥ ಆಗದಿದ್ದದ್ದು ನಮಗೂ ಅರ್ಥ ಆಗಬಾರದು ಅಂತ. 2024ರದ್ದರಲ್ಲಿ ಮಾತು ಹೆಚ್ಚಿನದ್ದು ಜಪಾನಿಯಲ್ಲೇ, ಎಲ್ಲದಕ್ಕೂ ಸಬ್‌ಟೈಟಲ್. ಕಥೆ ಅದೇ, ಜನ ಅವರೇ, ಆದ್ರೆ ಈಗ ಆ ಇಂಗ್ಲಿಷಿನವನೇ ಅರ್ಥ ಆಗದೆ ನಿಂತವ, ನಮಗೆ ಎಲ್ಲ ಗೊತ್ತುಂಟು. ಮೊದಲ ಸೀಸನ್ನಿಗೇ 18 ಎಮ್ಮಿ ಬಂತು. ಹಿರೊಯುಕಿ ಸನಾಡಾ ನಟ ಮಾತ್ರ ಅಲ್ಲ, ನಿರ್ಮಾಪಕರಲ್ಲಿ ಒಬ್ಬರು. ಕಿಮೋನೊ ಕಟ್ಟಿದ್ದು, ಕತ್ತಿ ಹಿಡಿದದ್ದು ಸರಿ ಉಂಟಾ ಅಂತ ಅವರೇ ನೋಡ್ತಿದ್ರು. ಪಾತ್ರ ಕೊಟ್ಟರೆ ಸಾಲದು, ಬೇಡ ಅನ್ನುವ ಅಧಿಕಾರವೂ ಕೊಡಬೇಕು.

ಲಿಪ್‌ಸಿಂಕ್
ಸಬ್‌ಟೈಟಲ್ ವಿಷಯ ಕೇಳಿ ಮೈ ಜುಮ್ ಅಂತು! ನನ್ನ ಕೆಲಸದ ಕಡೆಯಿಂದ ಒಂದು ಸೇರಿಸ್ತೀನಿ, ಸ್ವಲ್ಪ ವಿಷಯ ಬಿಟ್ಟು ಹೋಗುತ್ತೆ. 2022ರ 'ಪ್ರೇ' ಚಿತ್ರದ ನಾಯಕಿ ಕಮಾಂಚೆ ಬುಡಕಟ್ಟಿನ ಹುಡುಗಿ, ಮಾಡಿದ್ದು ಆಂಬರ್ ಮಿಡ್‌ಥಂಡರ್ ಅನ್ನೋ ಮೂಲನಿವಾಸಿ ನಟಿ. ಆ ಇಡೀ ಚಿತ್ರವನ್ನ ಕಮಾಂಚೆ ಭಾಷೆಗೆ ಡಬ್ ಮಾಡಿದ್ದಾರೆ, ಮುಖ್ಯ ನಟರೇ ಧ್ವನಿ ಕೊಟ್ಟು. ಈಗ ಆ ಭಾಷೆ ಆಡೋರು ತೀರಾ ಕಮ್ಮಿ. ನಾನು ಅದನ್ನ ತುಟಿ ನೋಡ್ತಾ ಕೂತು ನೋಡಿದೆ. ಕೆಲವು ಕಡೆ ಸಿಂಕ್ ತಪ್ಪುತ್ತೆ. ತಪ್ಪಲಿ, ನನಗೆ ಆ ಚಿತ್ರ ನೋಡಬೇಕಾಗಿದ್ದೇ ಆ ದನಿಯಲ್ಲಿ.

ತೆರೆಮರೆ
ಇನ್ನೊಂದು ಸಾಲು: 'ಕ್ರೇಜಿ ರಿಚ್ ಏಷಿಯನ್ಸ್' ಕಾದಂಬರಿಯ ಹಕ್ಕು ಕೇಳಿ ಬಂದ ನಿರ್ಮಾಪಕರೊಬ್ಬರು ನಾಯಕಿಯನ್ನ ಬಿಳಿಯಳಾಗಿ ಮಾಡೋಣ ಅಂದಿದ್ರಂತೆ. ಲೇಖಕರು ಒಪ್ಪಲಿಲ್ಲ. 3 ಕೋಟಿ ಡಾಲರ್‌ನಲ್ಲಿ ತೆಗೆದ ಚಿತ್ರ 2018ರಲ್ಲಿ 23 ಕೋಟಿಗೂ ಹೆಚ್ಚು ಗಳಿಸಿತು. ಓಡಲ್ಲ ಅನ್ನೋರ ಹತ್ರ ಈಗ ಏನು ಉತ್ತರ ಇದೆ?

ಹಾಳೆಹಾಳೆ
ಒಂದು ಚಿತ್ರ ಗೆದ್ರೆ 'ಇದೊಂದು ಬೇರೆ ಥರ' ಅಂತಾರೆ. ಒಂದು ಸೋತ್ರೆ 'ನೋಡಿದ್ರಾ, ಇವರ ಚಿತ್ರ ಓಡಲ್ಲ' ಅಂತಾರೆ. 1994ರಲ್ಲಿ ಕೊರಿಯಾ ಮೂಲದ ಹಾಸ್ಯನಟಿ ಮಾರ್ಗರೆಟ್ ಚೋ ಅವರ ಸರಣಿ ಒಂದೇ ಸೀಸನ್ನಿಗೆ ನಿಂತಿತು. ಅಮೆರಿಕದ ದೊಡ್ಡ ಚಾನೆಲ್‌ನಲ್ಲಿ ಏಷ್ಯನ್ ಕುಟುಂಬದ ಹಾಸ್ಯ ಸರಣಿ ಮತ್ತೆ ಬರೋಕೆ 2015 ಆಗಬೇಕಾಯ್ತು. ಬಿಳಿಯ ಹಾಸ್ಯನಟನ ಸರಣಿ ಒಂದು ಬಿದ್ದುಹೋದ್ರೆ ಇಡೀ ಜನಾಂಗವನ್ನ 20 ವರ್ಷ ಹೊರಗಿಡ್ತಾರಾ?

ನೇರಮಾತು
ಈ ಮಾತು ನಾಟಿತು. ಸೋಲೋ ಹಕ್ಕು ಎಲ್ಲರಿಗೂ ಬೇಕು. ಆದ್ರೂ ಲಿಪ್‌ಸಿಂಕ್ ಮೇಡಂ, ನಾನು ಮೊದಲು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಎಣಿಸಿದ್ರಾ?

ಲಿಪ್‌ಸಿಂಕ್
ಎಣಿಸಿದೆ ಸರ್. ನೀವು ಕೇಳಿದ್ದು ನ್ಯಾಯವಾಗೇ ಇತ್ತು, ಅದಕ್ಕೇ ಎರಡು ರಾತ್ರಿ ಕೂತು ಎಂಟೂ ಕಂತಿನ ಹಾಳೆ ತೆಗೆದೆ. ಮೊದಲು ನಿಮ್ಮ ಪರವಾಗಿರೋದು ಹೇಳ್ತೀನಿ. ಅದೇ ಸರಣಿಯಲ್ಲಿ ನಾಯಕಿಗೆ ಇನ್ನೊಬ್ಬ ಸ್ನೇಹಿತ ಇದ್ದಾನೆ, ಬಿಳಿಯ ಹುಡುಗ. ಅವನ ಮಾತಲ್ಲೂ ಪ್ರಶ್ನೆ ಸಾಕಷ್ಟಿದೆ. ಆದ್ರೆ ಮೂರನೇ ಕಂತಲ್ಲಿ ಅವನ ಮನೆ ಬರುತ್ತೆ, ಕುಡಿಯೋ ಅಪ್ಪ ಬರ್ತಾನೆ, ಒಂದು ಕಂತು ಪೂರ್ತಿ ಅವನಿಗೇ ಕೊಟ್ಟಿದ್ದಾರೆ.

ಗೆಳತಿಯ ಮಾತಲ್ಲಿ ಮುಕ್ಕಾಲು ಪಾಲು ಪ್ರಶ್ನೆ. ನಾಯಕಿ ಅವಳನ್ನ ಪ್ರಶ್ನೆ ಕೇಳೋದು ಎಂಟು ಕಂತಿನಲ್ಲಿ ಎರಡೇ ಸಲ. ಒಂದು, 'ಕಾರಿನ ಕೀ ಎಲ್ಲಿಟ್ಟೆ?' ಇನ್ನೊಂದು ಕೊನೇ ಕಂತಲ್ಲಿ, ಪಾರ್ಟಿಗೆ ಹೊರಟಾಗ, 'ನೀನೂ ಬರ್ತೀಯಾ?'

ನೇರಮಾತು
ಒಪ್ಪಿದೆ ಮೇಡಂ. ಅವಳೇನಂದಳು?

ಲಿಪ್‌ಸಿಂಕ್
'ಇಲ್ಲಪ್ಪ, ನೀನು ಹೋಗಿಬಾ' ಅಂದಳು. ಹೇಳೋವಾಗ ಒಂದು ಸಲ ಬಾಗಿಲ ಕಡೆ ನೋಡ್ತಾಳೆ, ಆಮೇಲೆ ತುಟಿ ಕೂಡಿಸ್ತಾಳೆ. ಅಲ್ಲಿ ಒಂದು 'ಪ'ನೋ 'ಬ'ನೋ ಬೇಕಿತ್ತು, ಎರಡೂ ಸಿಕ್ಕಿತು. ನಮ್ಮ ಹುಡುಗಿ ಆ ಸಾಲನ್ನ ಒಂದೇ ಟೇಕಲ್ಲಿ ಮುಗಿಸಿ, ಹೆಡ್‌ಫೋನ್ ತೆಗೆಯದೆ ಅಲ್ಲೇ ನಿಂತಿದ್ದಳು.